ಅಮ್ಮನ ಹಲ್ಲುನೋವು, ಅಮ್ಮನ ಭಯ

ನಾಲ್ಕು ತಿಂಗಳು ಅಮ್ಮ ಒಂದೇ ದವಡೆಯಲ್ಲಿ ಅಗಿದು ಊಟ ಮಾಡಿದ್ದಾರೆ. ನಮಗೆ ಗೊತ್ತೇ ಆಗಲಿಲ್ಲ. ರೊಟ್ಟಿ ಬಿಟ್ಟು ಅನ್ನ ಮೊಸರಿಗೆ ಇಳಿದಾಗ ವಯಸ್ಸಾಯ್ತು ಅಂದುಕೊಂಡೆವು. ಒಂದು ರಾತ್ರಿ ಕೆನ್ನೆ ಊದಿಸಿಕೊಂಡು, ಲವಂಗ ಕಚ್ಚಿಕೊಂಡು ಅಡುಗೆಮನೆಯಲ್ಲಿ ಕೂತಿದ್ದರು. ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ ಅಂದರೆ ಕೈ ನಡುಗಲು ಶುರುವಾಯಿತು. "ಏನಮ್ಮಾ, ಚಿಕ್ಕ ಮಕ್ಕಳ ಥರ" ಅಂದುಬಿಟ್ಟೆ. ಹಾಗೆ ಅನ್ನಬಾರದಿತ್ತು.

ಆಮೇಲೆ ಹೇಳಿದರು. ಹಿಂದೊಮ್ಮೆ ಊತ ಇಳಿಯುವ ಮೊದಲೇ ಅವರ ಹಲ್ಲು ಕಿತ್ತಿದ್ದರಂತೆ. ನೋಯ್ತಿದೆ ಅಂದರೆ, ಇಂಜೆಕ್ಷನ್ ಕೊಟ್ಟ ಮೇಲೆ ಹೇಗೆ ನೋಯುತ್ತೆ ಅಂತ ಗದರಿದರಂತೆ. ಅಮ್ಮ ಹೇಳಿದ್ದು ನಿಜ. ಕೀವು ತುಂಬಿದ ಜಾಗದಲ್ಲಿ ಆಮ್ಲ ಜಾಸ್ತಿ ಇರುತ್ತೆ, ಅಲ್ಲಿ ಮರಗಟ್ಟಿಸುವ ಲಿಗ್ನೊಕೇನ್ ನರದೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಅದೇ ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ಸ್ವಲ್ಪ ಅಡ್ರಿನಲಿನ್ ಕೂಡ ಇರುತ್ತೆ, ಅದರಿಂದ ಕೆಲವರಿಗೆ ಸ್ವಲ್ಪ ಹೊತ್ತು ಎದೆ ಡವಡವ ಅನ್ನುತ್ತೆ. ಇದನ್ನು ಯಾರೂ ಮೊದಲೇ ಹೇಳದಿದ್ದರೆ ಜೀವವೇ ಹೋಯ್ತು ಅನ್ನಿಸುವುದು ಸಹಜ ಅಲ್ವಾ? ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅನ್ನುವ ಮಾತು ಮಾತ್ರ ಸುಳ್ಳು, ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ.

1969ರಲ್ಲಿ ನಾರ್ಮನ್ ಕೋರಾ ಅನ್ನುವ ಮನಶ್ಶಾಸ್ತ್ರಜ್ಞರು ಹಲ್ಲಿನ ಡಾಕ್ಟರ ಬಗೆಗಿನ ಈ ಭಯವನ್ನು ಅಳೆಯಲು ನಾಲ್ಕು ಪ್ರಶ್ನೆ ಮಾಡಿದರು. ನಾಳೆ ಹೋಗಬೇಕು ಅಂದರೆ ಹೇಗನ್ನಿಸುತ್ತೆ, ಹೊರಗೆ ಕಾಯುವಾಗ ಹೇಗೆ, ಕುರ್ಚಿಯಲ್ಲಿ ಕೂತಾಗ ಡಾಕ್ಟರು ಡ್ರಿಲ್ ಸಿದ್ಧ ಮಾಡುತ್ತಿದ್ದರೆ ಹೇಗೆ, ಹಲ್ಲು ಕೆರೆಯುವ ಸಲಕರಣೆ ತೆಗೆಯುತ್ತಿದ್ದರೆ ಹೇಗೆ. ನಾಲ್ಕರಲ್ಲೂ ಇನ್ನೂ ಹಲ್ಲು ಮುಟ್ಟಿಯೇ ಇಲ್ಲ ನೋಡಿ! ಕಾಯುವುದೇ ಅಷ್ಟು ಕಷ್ಟ. ಅಂಥವರು ಕೊನೆಗೂ ಬಾಗಿಲು ದಾಟಿ ಬಂದಾಗ "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂತ ಬೈಯಬೇಡಿ ಡಾಕ್ಟರೇ, ದಯವಿಟ್ಟು. ಬೈಸಿಕೊಂಡವರು ಮತ್ತೆ ಬರಲ್ಲ, ಮನೆಯಲ್ಲೇ ಮಾತ್ರೆ ನುಂಗಿಕೊಂಡು ಕೂರುತ್ತಾರೆ.

ಈ ಸಲ ಸಿಕ್ಕ ಡಾಕ್ಟರಮ್ಮನಿಗೆ ನಾನೇ ಮೊದಲು ಹಳೆಯದೆಲ್ಲ ಹೇಳಿದೆ. ಅವರು ಮೊದಲು ಕೀವು ಹೊರಗೆ ಬಿಟ್ಟು, ಊತ ಇಳಿದ ಮೇಲೆ ರೂಟ್ ಕೆನಾಲ್ ಮಾಡೋಣ ಅಂದರು. ಆ ದಿನ ಬಂದಾಗ, "ಅಮ್ಮಾ, ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ" ಅಂದರು. ಎರಡೇ ನಿಮಿಷಕ್ಕೆ ಅಮ್ಮ ಕೈ ಎತ್ತಿದರು. ಡ್ರಿಲ್ ನಿಂತಿತು. "ನೋವಾಯ್ತಾ?" ಅಂದರೆ ಇಲ್ಲ ಅಂತ ತಲೆಯಾಡಿಸಿದರು. ನಿಜಕ್ಕೂ ನಿಲ್ಲಿಸುತ್ತಾರಾ ಅಂತ ನೋಡಿದ್ದರಂತೆ. ಆಮೇಲೆ ಕೊನೆಯವರೆಗೂ ಕೈ ಎತ್ತಲಿಲ್ಲ.