ಕ್ಯಾನಪಿ ಮೇಲಿನ ಹೆಸರು ನಂಬಿ ಕೆಡಬೇಡಿ

ಸರ್ಬಿಯದ ಬೆಲ್‌ಗ್ರೇಡಿಗೆ ಹೋಗಿಬಂದವರ ಫೋಟೊಗಳಲ್ಲಿ, 1999ರ ನೇಟೊ ದಾಳಿಯ ವೇಳೆ ಯುಗೊಸ್ಲಾವಿಯ ಹೊಡೆದುರುಳಿಸಿದ ಅಮೆರಿಕದ ಎಫ್-117 ಸ್ಟೆಲ್ತ್ (ರೇಡಾರ್‌ಗೆ ಸುಲಭವಾಗಿ ಸಿಗದ) ವಿಮಾನದ ಅವಶೇಷ ಇದ್ದೇ ಇರುತ್ತದೆ. ಕ್ಯಾನಪಿ (ಪೈಲಟ್ ತಲೆಮೇಲಿನ ಗಾಜಿನ ಹೊದಿಕೆ) ಮೇಲೆ ಬರೆದ ಹೆಸರನ್ನು ಓದಿ "ಇವರೇ ಅದರ ಪೈಲಟ್" ಎಂದು ಅಡಿಬರಹ ಹಾಕುವವರೂ ಇದ್ದಾರೆ. ತಪ್ಪು. 1999ರ ಮಾರ್ಚ್ 27ರ ರಾತ್ರಿ ಆ ವಿಮಾನ ಹಾರಿಸುತ್ತಿದ್ದವರು ಡೇಲ್ ಝೆಲ್ಕೊ. ಕ್ಯಾನಪಿ ಮೇಲಿರುವುದು ಬೇರೊಬ್ಬ ಪೈಲಟ್‌ನ ಹೆಸರು. ಅಮೆರಿಕದ ಸ್ಕ್ವಾಡ್ರನ್‌ಗಳಲ್ಲಿ ಒಂದೊಂದು ವಿಮಾನಕ್ಕೂ ಒಬ್ಬೊಬ್ಬರ ಹೆಸರು ಬರೆಯುವುದು ರೂಢಿ. ಆ ದಿನ ಯಾರು ಹಾರಿಸಬೇಕು ಎನ್ನುವುದು ಡ್ಯೂಟಿ ಪಟ್ಟಿಗೆ ಬಿಟ್ಟದ್ದು. ಶುರುವಿನಲ್ಲಿ ಸುದ್ದಿಮಾಧ್ಯಮಗಳೂ ಇದೇ ಹೆಸರು ನೋಡಿ ಎಡವಿದ್ದವು.

ನನ್ನ ತಕರಾರು ಇಷ್ಟೇ: ಬಿಡಿಭಾಗದ ಗುರುತೇ ಬೇರೆ, ವಿಮಾನದ ಗುರುತೇ ಬೇರೆ, ಮನುಷ್ಯನ ಗುರುತೇ ಬೇರೆ. ಒಂದು ಗೊತ್ತಾದರೆ ಮೂರೂ ಗೊತ್ತಾದಂತೆ ಬರೆಯುತ್ತೇವೆ.

ಬಾಲದ ಅಂಕಿಯಿಂದ ಶುರುಮಾಡಿ. ಈ ಎಫ್-117ರ ಸಂಖ್ಯೆ 82-0806. ಮೊದಲ ಎರಡಂಕಿ ಅದನ್ನು ಖರೀದಿಗೆ ಸೇರಿಸಿದ ಹಣಕಾಸು ವರ್ಷ, ತಯಾರಾದ ವರ್ಷವಲ್ಲ. ಬಾಲದಲ್ಲಿ ಬರೆಯುವಾಗ ಸೊನ್ನೆ ಬಿಡುವುದುಂಟು. ಅದೇ ವರ್ಷ ಮೇ 2ರಂದು ಅಲ್ಲೇ ಬಿದ್ದ ಎಫ್-16ರದ್ದು 88-0550. ಅದರ ಪೈಲಟ್ ಡೇವಿಡ್ ಗೋಲ್ಡ್‌ಫೀನ್ ಮುಂದೆ 2016ರಲ್ಲಿ ಅಮೆರಿಕ ವಾಯುಪಡೆಯ ಮುಖ್ಯಸ್ಥರಾದರು. ಎರಡನ್ನೂ ಹೊಡೆದದ್ದು ನೆಲದಿಂದ ಹಾರಿಸುವ ಎಸ್-125 ಕ್ಷಿಪಣಿ. ನಮ್ಮಲ್ಲಿ ಪೆಚೋರಾ ಅಂತಾರಲ್ಲ, ಅದೇ ಕುಲ.

ಬಾಲವೇ ಇಲ್ಲದ ತುಂಡಾದರೆ ಕೆಲಸ ಕಷ್ಟ. ಆಗ ಹುಡುಕಬೇಕಾದ್ದು ಡೇಟಾ ಪ್ಲೇಟ್: ಬೆರಳಗಲದ ಲೋಹದ ಪಟ್ಟಿ, ಇಲ್ಲವೇ ಲೋಹಕ್ಕೇ ಒತ್ತಿದ ಅಥವಾ ಶಾಯಿಯಲ್ಲಿ ಮುದ್ರಿಸಿದ ಅಂಕಿಗಳು. ಪಾರ್ಟ್ ನಂಬರ್, ಸೀರಿಯಲ್ ನಂಬರ್, ತಯಾರಕರ ಐದಕ್ಷರದ ಕೇಜ್ ಕೋಡ್, ಕೆಲವೊಮ್ಮೆ ಕಾಂಟ್ರ್ಯಾಕ್ಟ್ ನಂಬರ್ ಅದರಲ್ಲಿರುತ್ತವೆ. ಎಫ್-16ರ ಚೌಕಟ್ಟಿನ ಭಾಗಗಳ ಪಾರ್ಟ್ ನಂಬರ್ ಸಾಮಾನ್ಯವಾಗಿ 16ರಿಂದ ಶುರು. ಕಾಂಟ್ರ್ಯಾಕ್ಟ್ ನಂಬರಿನ ನಡುವೆ ಬರುವ ಎರಡಂಕಿಯನ್ನು ತಯಾರಿಕೆಯ ವರ್ಷ ಅಂದುಕೊಳ್ಳಬೇಡಿ, ಅದು ಒಪ್ಪಂದದ ವರ್ಷ.

ಎಫ್-117ರ ವಿಷಯದಲ್ಲಿ ಇದೂ ಕೈಕೊಡುತ್ತದೆ. ಗುಟ್ಟಾಗಿ, ಬೇಗ, ಕಡಿಮೆ ಖರ್ಚಿನಲ್ಲಿ ಕಟ್ಟಬೇಕಿತ್ತಾದ್ದರಿಂದ ತಯಾರಕರಾದ ಲಾಕ್‌ಹೀಡ್‌ನವರು ಎಷ್ಟೋ ಭಾಗಗಳನ್ನು ಬೇರೆ ವಿಮಾನಗಳಿಂದ ಎರವಲು ತಂದರು. ಹಾರಾಟ ನಿಯಂತ್ರಣದ ಮೂಲ ಎಫ್-16. ಎಂಜಿನ್ ಎಫ್/ಎ-18ರ ಎಫ್404, ಆಫ್ಟರ್‌ಬರ್ನರ್ (ಹೆಚ್ಚುವರಿ ಇಂಧನ ಉರಿಸಿ ನೂಕುಬಲ ಕೊಡುವ ಭಾಗ) ತೆಗೆದದ್ದು. (ಬೆಂಗಳೂರಿನ ತೇಜಸ್‌ನಲ್ಲಿರುವುದೂ ಎಫ್404ರ ಇನ್ನೊಂದು ರೂಪವೇ.) ತುರ್ತಿನಲ್ಲಿ ಪೈಲಟ್‌ನನ್ನು ಹೊರಗೆಸೆಯುವ ಏಸಸ್-2 ಎಜೆಕ್ಷನ್ ಸೀಟ್ ಅಂತೂ ಎಫ್-15, ಎಫ್-16, ಎ-10, ಎಫ್-117 ಎಲ್ಲದರಲ್ಲೂ ಇದೆ. ಹಾಗಾಗಿ ಬರೀ ಸೀಟು ನೋಡಿ ವಿಮಾನದ ಹೆಸರು ಹೇಳಲಾಗದು. ಸೀಟಿನ ಸೀರಿಯಲ್ ಸಿಕ್ಕರೂ ಅದು ಯಾವ ವಿಮಾನದಲ್ಲಿತ್ತು ಎನ್ನಲು ನಿರ್ವಹಣೆಯ ದಾಖಲೆ ಬೇಕು, ಏಕೆಂದರೆ ಸೀಟು, ಎಂಜಿನ್ ಎಲ್ಲ ಒಂದು ವಿಮಾನದಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವ ವಸ್ತುಗಳೇ.

ಇಲ್ಲಿ ಆಕಾರವೇ ಹೆಚ್ಚು ನಂಬಿಕಸ್ಥ. ಚಪ್ಪಟೆ ಹಲಗೆಗಳನ್ನು ಕೋನಕ್ಕೆ ಜೋಡಿಸಿದಂಥ ಮೈ, ಗರಗಸದ ಹಲ್ಲಿನಂತೆ ಕತ್ತರಿಸಿದ ಮುಚ್ಚಳದ ಅಂಚು, ಒಡೆದ ಕಡೆ ಅಲ್ಯೂಮಿನಿಯಂ ಮೇಲೆ ಕಾಣುವ ರೇಡಾರ್ ಹೀರುವ ಕಪ್ಪು ಪದರ. ಈ ಮೂರೂ ಒಟ್ಟಿಗಿದ್ದರೆ ಎಫ್-117 ಅಲ್ಲ ಎಂದು ವಾದಿಸುವುದು ಕಷ್ಟ.

ಇನ್ನೊಂದು ಮಾಮೂಲಿ ಎಡವಟ್ಟು ಡ್ರಾಪ್ ಟ್ಯಾಂಕ್, ಅಂದರೆ ವಿಮಾನದ ಹೊರಗೆ ತೂಗುಹಾಕುವ ಇಂಧನದ ಟ್ಯಾಂಕ್. ಎಫ್-16ರ ರೆಕ್ಕೆಯಡಿಯ 370 ಗ್ಯಾಲನ್ ಟ್ಯಾಂಕ್, ಅಂದರೆ ಸುಮಾರು 1400 ಲೀಟರಿನದು, ಪೈಲಟ್ ಬೇಕೆಂದೇ ಕಳಚಿ ಬೀಳಿಸುವಂಥದ್ದು. ಅದು ಹೊಲದಲ್ಲಿ ಸಿಕ್ಕಿತೆಂದರೆ ವಿಮಾನ ಬಿದ್ದಿತೆಂದು ಅರ್ಥವಲ್ಲ. ಎಷ್ಟು ವಿಮಾನ ಬಿದ್ದವು ಎನ್ನುವಲ್ಲಿ ನೇಟೊ ಮತ್ತು ಯುಗೊಸ್ಲಾವಿಯದ ಲೆಕ್ಕ ತಾಳೆಯಾಗದಿರಲು ಇಂಥವೂ ಒಂದು ಕಾರಣ.

ಫೋಟೊ ತೆಗೆಯುವವರು ಇಡೀ ತುಂಡಿನದೊಂದು, ಅಂಕಿಯದೊಂದು, ರಿವೆಟ್ ಸಾಲಿನದೊಂದು ತೆಗೆಯಿರಿ. ಮೊಬೈಲ್ ಟಾರ್ಚನ್ನು ನೇರ ಹಿಡಿದರೆ ಒತ್ತಿದ ಅಂಕಿ ಮಾಯ. ಪಕ್ಕದಿಂದ ಓರೆಯಾಗಿ ಬಿಟ್ಟರೆ ನೆರಳು ಬಿದ್ದು ಅಂಕಿ ಎದ್ದು ಕಾಣುತ್ತದೆ. 3 ಮತ್ತು 8, 0 ಮತ್ತು ಡಿ ಗೊಂದಲವಾದರೆ ಎರಡನ್ನೂ ಬರೆದುಕೊಳ್ಳಿ, ಊಹಿಸಬೇಡಿ. ಗಾಜಿನೊಳಗಿದ್ದರೆ ಲೆನ್ಸನ್ನು ಗಾಜಿಗೆ ಅಂಟಿಸಿ. ಉಜ್ಜಿ ನೋಡುವ ಆಸೆ ಮಾತ್ರ ಬೇಡ, ಶಾಯಿಯ ಸ್ಟಾಂಪು ಬೆರಳಿಗೇ ಬಂದುಬಿಡುತ್ತದೆ.

ಕಲೆಮೆಗ್ದಾನ್ ಕೋಟೆಯ ಮಿಲಿಟರಿ ಮ್ಯೂಸಿಯಂನಲ್ಲೂ, ವಿಮಾನ ನಿಲ್ದಾಣದ ಪಕ್ಕ ಸುರ್ಚಿನ್‌ನಲ್ಲಿರುವ ವಾಯುಯಾನ ಮ್ಯೂಸಿಯಂನಲ್ಲೂ ಇದೇ ಎಫ್-117ರ ಭಾಗಗಳಿವೆ. ಪೋಸ್ಟಿನಲ್ಲಿ ಬರೀ "ಬೆಲ್‌ಗ್ರೇಡ್" ಅಂದರೆ ಸಾಲದು, ಯಾವ ಮ್ಯೂಸಿಯಂ ಅಂತಲೂ ಹಾಕಿ.