ಸರ್ಕಾರಿ ಶಾಲೆಗೆ ಸ್ಮಾರ್ಟ್ ಬೋರ್ಡ್: ಬೇಕಾ, ಬೇಡವಾ?

ಮಂಡ್ಯ, ಮೈಸೂರು ಕಡೆ ಒಂದು ಒಳ್ಳೆಯ ರೂಢಿ ಇದೆ. ಊರಿನ ಸರ್ಕಾರಿ ಶಾಲೆಯಲ್ಲಿ ಓದಿ ಬೆಂಗಳೂರು ಸೇರಿದವರು ಒಂದಷ್ಟು ದುಡ್ಡು ಒಟ್ಟು ಮಾಡಿ ಶಾಲೆಗೆ ಏನಾದರೂ ಕೊಡಿಸುತ್ತಾರೆ. ಮೊದಲೆಲ್ಲ ಬೀರು, ಡೆಸ್ಕು, ಗೋಡೆ ಗಡಿಯಾರ. ಈಗ ಜಾಸ್ತಿ ಕೇಳಿಬರುವುದು ಸ್ಮಾರ್ಟ್ ಬೋರ್ಡ್, ಅಂದರೆ ಕಂಪ್ಯೂಟರಿನ ಹಾಗೆ ಬಳಸುವ ದೊಡ್ಡ ಪರದೆ. ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ ಎಸ್‌ಡಿಎಂಸಿಯ ಸಭೆಯಲ್ಲಿ ಇದಕ್ಕೆ ಬೇಡ ಅನ್ನುವವರು ಸಿಗುವುದು ಕಷ್ಟ. ಆದರೆ ಅದರಿಂದ ಪಾಠ ಬದಲಾಗುತ್ತದಾ? ಪಾಂಡವಪುರ ಕಡೆಯ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರೊಬ್ಬರು ಬೇಕು ಅನ್ನುತ್ತಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಹಾಡು, ಆಟ, ಕಾರ್ಡುಗಳಿಂದ ಕಲಿಸುವ ನಲಿ-ಕಲಿ ಶುರುವಾದ ಕಾಲದಿಂದ ಪಾಠ ಮಾಡಿ ನಿವೃತ್ತರಾದ ಟೀಚರ್ ಒಬ್ಬರು ಬೇಡ ಅನ್ನುತ್ತಾರೆ.

ಪರ: ನಾಲೆ ಎಲ್ಲಿ ಹೋಯ್ತು ಸಾರ್?

ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯನ್ನು ಉಪಗ್ರಹದ ಚಿತ್ರದಲ್ಲಿ ಹಿಂಬಾಲಿಸಿ ನೋಡಿ. ಒಂದು ಕಡೆ ನಾಲೆ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ. ಆಮೇಲೆ ಇನ್ನೆಲ್ಲೋ ಏಳುತ್ತದೆ. ಅದು ಹುಲಿಕೆರೆ ಸುರಂಗ. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಆ ನಾಲೆ ಏರಿಯ ಮೇಲೆ ಸೈಕಲ್ ಹೊಡೆದು ಬೆಳೆದವರು. ಆದರೂ ಅದು ನೆಲದೊಳಗೆ ಹೊಕ್ಕು ಬರುತ್ತದೆ ಅಂತ ಬಹಳ ಜನಕ್ಕೆ ಗೊತ್ತಿರಲಿಲ್ಲ. ಪರದೆಯ ಮೇಲೆ ನಾಲೆ ಮಾಯವಾದ ಕೂಡಲೇ ಪ್ರಶ್ನೆಗಳು ಶುರು. ಸುರಂಗ ಯಾಕೆ ಕೊರೆದರು, ಸುತ್ತಿಕೊಂಡು ಬಂದಿದ್ದರೆ ಆಗ್ತಿರಲಿಲ್ವಾ? ನೀರು ಮೇಲಕ್ಕೆ ಹರಿಯಲ್ಲ, ಹಾಗಾದರೆ ಇಷ್ಟು ದೂರದ ಇಳಿಜಾರನ್ನು ಆ ಕಾಲದಲ್ಲಿ ಹೇಗೆ ಅಳೆದರು? ಮದ್ದೂರು ಕಡೆಯ ಕೊನೇ ಭಾಗದ ಗದ್ದೆಗೆ ನೀರು ಯಾಕೆ ಸರಿಯಾಗಿ ಹೋಗಲ್ಲ? ಈ ಕೊನೆಯ ಪ್ರಶ್ನೆ ಕೇಳಿದ ಹುಡುಗಿಯ ತಾತನ ಊರು ಮದ್ದೂರು ಕಡೆಯದು. ಅವಳು ಮನೆಗೆ ಹೋಗಿ ಅಜ್ಜನಿಗೆ ಫೋನ್ ಮಾಡಿ ಇನ್ನಷ್ಟು ಕೇಳಿಕೊಂಡು ಬಂದಳು.

ಅಲ್ಲಿಗೇ ನಿಲ್ಲಲಿಲ್ಲ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಅಂತ ಮಂಡ್ಯದ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬಾಯಿಗೆ ಬರುತ್ತದೆ. ಆದರೆ ಅದರ ಅರ್ಥ ಕಣ್ಣಿಗೆ ಬೀಳುವುದು ಬೇರೆ. 2023ರ ಬರದಲ್ಲಿ ಕಟ್ಟೆ ತುಂಬಲಿಲ್ಲ. 2024ರ ಜುಲೈನಲ್ಲಿ ತುಂಬಿತು. ಎರಡು ವರ್ಷದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಮೇಲೆ ಚೌಕ ಎಳೆದು, ಹಿನ್ನೀರು ಎಷ್ಟು ಚೌಕ ಹಿಡಿದಿದೆ ಅಂತ ಎಣಿಸಿದರೆ ಗಣಿತ, ಭೂಗೋಳ, ವ್ಯವಸಾಯ ಮೂರೂ ಒಂದೇ ಪಾಠ. ಇದನ್ನು ಸೀಮೆಸುಣ್ಣದಲ್ಲಿ ನಾನು ಮಾಡಲಾರೆ. ಚಿತ್ರ ಬರೆಯೋಕೆ ಬರಲ್ಲ ಅನ್ನುವುದು ಒಂದು ಕಾರಣ. ಬರೆಯೋಕೆ ಬಂದರೂ ಅದು ನನ್ನ ಚಿತ್ರ, ಅವರ ಊರು ಆಗುವುದಿಲ್ಲ.

ಸ್ಮಾರ್ಟ್ ಕ್ಲಾಸ್ ಅಂದರೆ ವಿಡಿಯೊ ಹಾಕಿ ಮೇಷ್ಟ್ರು ಹೊರಗೆ ಹೋಗುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೆ ಮಾಡುವವರು ಇದ್ದಾರೆ, ಸುಳ್ಳು ಹೇಳಲ್ಲ. ನಾನು ಕೇಳುತ್ತಿರುವುದು ಮಕ್ಕಳು ಕೈ ಹಾಕಿ ಆಡಬಹುದಾದ ಸಾಮಾನು. ವಿದ್ಯುತ್ ಮಂಡಲದ ಪಾಠ ತೆಗೆದುಕೊಳ್ಳಿ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಅನ್ನುವ ತಾಣದಲ್ಲಿ ಪುಕ್ಕಟೆ ಪ್ರಯೋಗಗಳಿವೆ, ಅದರಲ್ಲಿ ಎಷ್ಟೋ ಕನ್ನಡದಲ್ಲೇ ಸಿಗುತ್ತವೆ. ವೈರು ಜೋಡಿಸು, ಬಲ್ಬು ಸೇರಿಸು, ಬ್ಯಾಟರಿ ಹೆಚ್ಚಿಸು. ತಪ್ಪಾದರೆ ಪರದೆಯ ಮೇಲೆ ಬೆಂಕಿ, ಯಾರಿಗೂ ಪೆಟ್ಟಿಲ್ಲ, ಬಲ್ಬಿನ ಲೆಕ್ಕ ಕೊಡಬೇಕಾಗಿಲ್ಲ. ಆಮೇಲೆ ನಿಜವಾದ ಬಲ್ಬು ಕೊಟ್ಟರೆ ಕೈ ನಡುಗುವುದಿಲ್ಲ. ಜಿಯೋಜೀಬ್ರಾ ಅನ್ನುವ ಗಣಿತದ ತಂತ್ರಾಂಶದಲ್ಲಿ ತ್ರಿಭುಜದ ಮೂಲೆ ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180ರಲ್ಲೇ ನಿಲ್ಲುತ್ತದೆ. ಕರಿಹಲಗೆಯಲ್ಲಿ ನಾನು ಬರೆಯುವುದು ಒಂದೇ ತ್ರಿಭುಜ. ಆ ಪ್ರಮೇಯ ಆ ಒಂದು ತ್ರಿಭುಜಕ್ಕೆ ಮಾತ್ರ ಅಂತ ಮಗು ಅಂದುಕೊಂಡರೆ ತಪ್ಪು ಮಗುವಿನದಲ್ಲ.

ಮನೆಯಲ್ಲೇ ಮೊಬೈಲ್ ಇದೆಯಲ್ಲ, ಶಾಲೆಗೆ ಯಾಕೆ ಅನ್ನುವವರಿಗೆ ಒಂದು ಲೆಕ್ಕ. ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರ ಬಗ್ಗೆ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ 2023ರಲ್ಲಿ ನಡೆಯಿತು. ಸ್ಮಾರ್ಟ್‌ಫೋನ್ ಬಳಸಲು ಬಲ್ಲ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ ಶೇ 19.8. ನಮ್ಮ ಕಡೆಯೂ ಹಾಗೇ ಅಲ್ವಾ? ಅಣ್ಣನ ಕೈಯಲ್ಲಿ ಫೋನು, ತಂಗಿಯ ಕೈಯಲ್ಲಿ ಪಾತ್ರೆ. ಹುಡುಗಿಗೆ ಕಂಪ್ಯೂಟರ್ ಮುಟ್ಟಲು ಯಾರ ಅಪ್ಪಣೆಯೂ ಬೇಡದ ಜಾಗ ಶಾಲೆ ಮಾತ್ರ.

ಇದರಿಂದ ಕಲಿಕೆ ಹೆಚ್ಚುತ್ತದೆ ಅನ್ನುವುದಕ್ಕೆ ಪುರಾವೆಯೂ ಇದೆ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನುವ ತಂತ್ರಾಂಶದ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಗು ಯಾವ ಹಂತದಲ್ಲಿದೆಯೋ ಅಲ್ಲಿಂದಲೇ ಪ್ರಶ್ನೆ ಕೊಡುವ ತಂತ್ರಾಂಶ ಅದು. ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಮಕ್ಕಳು ಚೆನ್ನಾಗಿ ಮುಂದೆ ಬಂದರು. ಎಂಟನೇ ತರಗತಿಯಲ್ಲಿ ಕೂತು ಮೂರನೇ ತರಗತಿಯ ಗಣಿತದಲ್ಲಿ ಸಿಕ್ಕಿಹಾಕಿಕೊಂಡ ಮಗುವಿಗೆ ನಾನು ದಿನಾ ಪ್ರತ್ಯೇಕ ಲೆಕ್ಕ ಕೊಡಲು ಆಗುವುದಿಲ್ಲ. ಯಂತ್ರಕ್ಕೆ ಆಗುತ್ತದೆ.

ಕಣ್ಣು ಕಾಣದ ಮಕ್ಕಳಿಗೆ ಕನ್ನಡ ಪಠ್ಯವನ್ನು ಓದಿ ಹೇಳುವ ಪುಕ್ಕಟೆ ತಂತ್ರಾಂಶ ಇದೆ. ಅಷ್ಟಕ್ಕಾದರೂ ಶಾಲೆಗೆ ಒಂದು ಕಂಪ್ಯೂಟರ್ ಬೇಕು.

ಮೈಸೂರಿಗೆ ಇದೆಲ್ಲ ಹೊಸದೇನಲ್ಲ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಪಾಠ ಹೇಳುವವರೊಬ್ಬರು ರೇಡಿಯೊ ಬಾಗಿಲಿಗೆ ಬರುವ ತನಕ ಕಾಯಲಿಲ್ಲ. ಈಗ ನೋಡಿದರೆ ಮೈಸೂರಿನ ಖಾಸಗಿ ಶಾಲೆಗಳು ಸ್ಮಾರ್ಟ್ ಕ್ಲಾಸ್ ಅಂತ ಬಸ್ಸಿನ ಮೇಲೆ ಬರೆಸಿಕೊಂಡು ನಮ್ಮ ಹಳ್ಳಿಗಳ ಒಳಗೆ ಬರುತ್ತವೆ. ಅಪ್ಪ-ಅಮ್ಮ ಸಾಲ ಮಾಡಿ ಆ ಬಸ್ಸಿಗೆ ಮಕ್ಕಳನ್ನು ಹತ್ತಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಶಾಲೆಗೆ ಬೀಗ. ಬೋರ್ಡ್ ನೋಡಿಯಾದರೂ ನಾಲ್ಕು ಮಕ್ಕಳು ಊರಲ್ಲೇ ಉಳಿದರೆ ನನಗೆ ಅದೂ ಸಾಕು.

ವಿರೋಧ: ಏಣಿ ಹತ್ತಿಸಿದ್ದು ಪರದೆಯಲ್ಲ

ಹುಲಿಕೆರೆ ಸುರಂಗದ ಪಾಠ ಓದಿ ಖುಷಿಯಾಯಿತು ಮೇಷ್ಟ್ರೇ. ನಿಮ್ಮಂಥವರ ಕೈಗೆ ಪ್ರೊಜೆಕ್ಟರ್ ಅಲ್ಲ, ಬರೀ ನಾಲೆ ಏರಿ ಕೊಟ್ಟರೂ ಪಾಠ ಆಗುತ್ತದೆ. ನನ್ನ ತಕರಾರು ಇರುವುದೇ ಅಲ್ಲಿ. ದಾನಿಗಳು ಕೊಡುವುದು ಬೋರ್ಡನ್ನು, ನಿಮ್ಮನ್ನಲ್ಲ. ನೀವು ವರ್ಗಾವಣೆಯಾಗಿ ಹೋದ ಮಾರನೇ ವರ್ಷ ಆ ಬೋರ್ಡಿಗೆ ಬಟ್ಟೆ ಹೊದಿಸುತ್ತಾರೆ. ಧೂಳು ಕೂರಬಾರದಲ್ಲ!

ಕಲಿಸುವ ಬಗೆಯನ್ನೇ ಬದಲಾಯಿಸುವ ಮಾತು ಬಂದಾಗ ನಮ್ಮ ಕೋಟೆ ತಾಲ್ಲೂಕಿನ ಕಥೆ ಹೇಳದೆ ಇರಲಾರೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಇಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ಋಷಿ ವ್ಯಾಲಿ ಶಾಲೆಯ ಕಡೆ ನಡೆಯುತ್ತಿದ್ದ ಕಲಿಕೆಯನ್ನು ನಮ್ಮ ಶಿಕ್ಷಕರು ಹೋಗಿ ನೋಡಿ ಬಂದರು, ಕೂತು ಕನ್ನಡದ ಕಾರ್ಡುಗಳನ್ನು ತಾವೇ ಬರೆದರು. ಹಾಡು, ಕಥೆ, ಆಟ ಎಲ್ಲ ಈ ನೆಲದ್ದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ. ಗೋಡೆಗೆ ಕಲಿಕಾ ಏಣಿ. ಅದರ ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಆ ಚಿತ್ರದ ಕಾರ್ಡನ್ನು ಮಗುವೇ ಹುಡುಕಿ ತೆಗೆದುಕೊಳ್ಳುತ್ತದೆ. ತರಗತಿಯನ್ನು ತಟ್ಟೆ ಅನ್ನುವ ಗುಂಪುಗಳಾಗಿ ಮಾಡಿಕೊಳ್ಳುತ್ತೇವೆ. ಒಂದು ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಅರ್ಧ, ಮತ್ತೊಂದರಲ್ಲಿ ಗೆಳೆಯರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಕೆಳಗಡೆ, ಮಗುವಿನ ಕೈಗೆ ಎಟಕುವ ಹಾಗೆ ಕರಿಹಲಗೆ. ಮೇಲೆ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ ಚಿತ್ರಗಳು ತೂಗಾಡುತ್ತಿರುತ್ತವೆ.

ಇದರಲ್ಲಿ ದೊಡ್ಡ ವಿಷಯ ಯಾವುದು ಗೊತ್ತಾ? ಜ್ವರ ಬಂದು, ಅಥವಾ ಅಪ್ಪ-ಅಮ್ಮನ ಜೊತೆ ಕೊಡಗಿನ ಕಾಫಿ ತೋಟಕ್ಕೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸಿದ ಮಗು ವಾಪಸ್ ಬಂದರೆ, ಏಣಿಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹತ್ತುತ್ತದೆ. ತರಗತಿ ಮುಂದೆ ಹೋಯಿತು, ನೀನು ಹಿಂದೆ ಬಿದ್ದೆ ಅನ್ನುವ ಮಾತೇ ಇಲ್ಲ. ಮೇಷ್ಟ್ರು ಹೇಳಿದ ದೆಹಲಿಯ ತಂತ್ರಾಂಶ ಮಾಡುವುದು ಇದನ್ನೇ ಅಲ್ವಾ? ರಟ್ಟಿನ ಕಾರ್ಡುಗಳಲ್ಲಿ ನಾವು ಮಾಡುತ್ತಿದ್ದೆವು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಹಾಗೆ ಹರಡಿದ ಮೇಲೆ ಅದರ ಸತ್ವ ಒಂದಿಷ್ಟು ಸೋರಿಹೋಯಿತು ಅನ್ನುವುದು ನನ್ನ ಅನಿಸಿಕೆ. ಕಾರ್ಡು ಎಲ್ಲ ಕಡೆ ತಲುಪಿತು, ಕಾರ್ಡು ಬರೆದ ಶಿಕ್ಷಕರ ಉಮೇದು ತಲುಪಲಿಲ್ಲ. ರಟ್ಟಿಗೇ ಹೀಗಾದರೆ ಬೋರ್ಡಿಗೆ ಇನ್ನೇನಾಗಬಹುದು, ನೀವೇ ಹೇಳಿ.

ಆ ದೆಹಲಿ ಅಧ್ಯಯನದ ಇನ್ನೊಂದು ಮುಖವನ್ನೂ ನೋಡಬೇಕು. ಅದು ನಡೆದದ್ದು ಶಾಲೆ ಮುಗಿದ ಮೇಲಿನ ಕೇಂದ್ರಗಳಲ್ಲಿ. ಅರ್ಧ ಹೊತ್ತು ಕಂಪ್ಯೂಟರ್, ಇನ್ನರ್ಧ ಹೊತ್ತು ಸಣ್ಣ ಗುಂಪಿಗೆ ಒಬ್ಬರು ಕೂತು ಪಾಠ ಹೇಳುತ್ತಿದ್ದರು. ಒಬ್ಬೊಬ್ಬ ಮಗುವಿನ ಮುಂದೆಯೂ ಒಂದೊಂದು ಯಂತ್ರ. ನಮ್ಮ ಊರಿಗೆ ಬರುವುದು ಗೋಡೆಗೆ ಒಂದು ಬೋರ್ಡ್, ಮುಂದೆ ಐವತ್ತು ಕಣ್ಣು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಪೆರು ದೇಶದಲ್ಲಿ ಹಳ್ಳಿ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದರು. 2012ರಲ್ಲಿ ಬಂದ ವರದಿ ನೋಡಿದರೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಏನೂ ಹೆಚ್ಚಾಗಿರಲಿಲ್ಲ.

ನಮ್ಮ ಪಕ್ಕದಲ್ಲೇ ಒಂದು ಪಾಠ ಇದೆ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ಬಂದವು. 2010ರಲ್ಲಿ ಉಪಗ್ರಹದ ಆಯಸ್ಸು ಮುಗಿಯಿತು. ಶಾಲೆಗಳಿಗೆ ಅಂಥ ಆಯಸ್ಸಿನ ಲೆಕ್ಕ ಇರುವುದಿಲ್ಲ, ಅವು ನಡೆಯಲೇಬೇಕು.

ಬುಡಕಟ್ಟು ಜನ ಇರುವ ಹಾಡಿಗಳ ಕಡೆಗೂ ಒಮ್ಮೆ ನೋಡಿ. ಜೇನು ಕುರುಬರ ಮಗು ಮನೆಯಲ್ಲಿ ಆಡುವ ನುಡಿ ಬೇರೆ, ಪಠ್ಯದ ಕನ್ನಡ ಬೇರೆ. ವಿಡಿಯೊ ತನ್ನ ಪಾಡಿಗೆ ಓಡುತ್ತದೆ. ಮಗು ಸುಮ್ನೆ ಕೂತಿರುತ್ತದೆ, ಗಲಾಟೆ ಮಾಡದ ಕಾರಣ ಕಲಿಯುತ್ತಿದೆ ಅಂತ ಎಲ್ಲರೂ ತಿಳಿಯುತ್ತಾರೆ. ಟೀಚರ್ ಆದರೆ ಮುಖ ನೋಡುತ್ತಾಳೆ. ಹಿಂದಿನ ಬೆಂಚಿನ ಹುಡುಗಿಯನ್ನು ಕರೆದು ನಿಮ್ಮ ಮಾತಲ್ಲಿ ಇವನಿಗೆ ಹೇಳು ಅನ್ನುತ್ತಾಳೆ.

ನನಗೆ ಹೆಚ್ಚು ಬೇಸರ ತಂದಿದ್ದು ಬೇರೆ. ತಂತ್ರಜ್ಞಾನ ಶಾಲೆಯೊಳಗೆ ನಿಜವಾಗಿ ಬಂದಿರುವುದು ಎಲ್ಲಿ ಅಂತ ನೋಡಿ. ಒಂದು, ಮುಖ್ಯ ಶಿಕ್ಷಕರ ಮೇಜಿಗೆ. ಮಕ್ಕಳ ವಿವರ, ಹಾಜರಿ, ಹಾಲು, ಮೊಟ್ಟೆ ಎಲ್ಲದಕ್ಕೂ ಎಂಟ್ರಿ. ಇದನ್ನೆಲ್ಲ ತುಂಬುವ ಎಸ್‌ಎಟಿಎಸ್ ತಾಣ ತೆರೆದುಕೊಳ್ಳುವ ಹೊತ್ತಿಗೆ ಒಂದು ಪೀರಿಯಡ್ ಹೋಗಿರುತ್ತದೆ. ಇನ್ನೊಂದು, ಪರೀಕ್ಷಾ ಕೊಠಡಿಗೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಜಾಸ್ತಿ ಮಾಡಿದ ಮೇಲೆ! ನಕಲು ತಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ವರ್ಷ ಓದಿನಲ್ಲಿ ಹಿಂದುಳಿದದ್ದನ್ನು ಯಾರೂ ಗಮನಿಸದ ಮಗುವನ್ನು ಕೊನೆಯ ದಿನ ಎಲ್ಲರೂ ಕ್ಯಾಮೆರಾದಲ್ಲಿ ನೋಡುತ್ತಾ ಕೂತರು. ಎರಡನೇ ತರಗತಿಯಲ್ಲಿ ಅದಕ್ಕೆ ಓದಲು ಬರುತ್ತಿಲ್ಲ ಅಂತ ಗೊತ್ತಾಗಲು ಯಾವ ಕ್ಯಾಮೆರಾ ಬೇಕಿತ್ತು?

ಮೇಷ್ಟ್ರು ಕೊಟ್ಟ ಅಸರ್ ವರದಿಯಲ್ಲೇ ಇನ್ನೊಂದು ಅಂಕಿ ಇದೆ. 14ರಿಂದ 18 ವಯಸ್ಸಿನವರಲ್ಲಿ ಸುಮಾರು ಕಾಲು ಭಾಗಕ್ಕೆ ತಮ್ಮ ಭಾಷೆಯ ಎರಡನೇ ತರಗತಿ ಪಠ್ಯವನ್ನು ಸರಾಗವಾಗಿ ಓದಲು ಬರುವುದಿಲ್ಲ. ಓದಲು ಬಾರದವರಿಗೆ ನಾಲೆ ಸುರಂಗದ ಪ್ರಶ್ನೆ ಹುಟ್ಟಬಹುದು, ಉತ್ತರ ಹುಡುಕಲು ಪುಸ್ತಕ ತೆರೆಯುವುದು ಹೇಗೆ? ಹುಡುಗಿಯರಿಗೆ ಶಾಲೆಯ ಕಂಪ್ಯೂಟರ್ ಬೇಕು ಅನ್ನುವ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಅದು ಸರಿ. ಆದರೆ ಅದಕ್ಕೆ ಬೇಕಾದ್ದು ಬೀಗ ತೆಗೆದ ಕಂಪ್ಯೂಟರ್ ಕೊಠಡಿ. ಗೋಡೆಯ ಮೇಲಿನ ಬೋರ್ಡನ್ನು ಮೇಷ್ಟ್ರು ಬಿಟ್ಟರೆ ಯಾರೂ ಮುಟ್ಟುವುದಿಲ್ಲ.

ಕರೆಂಟಿನ ತಕರಾರು ನಾನು ಎತ್ತುವುದಿಲ್ಲ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಉಚಿತ ಅಂತ 2023ರ ರಾಜ್ಯೋತ್ಸವದ ದಿನ ಘೋಷಣೆಯಾಗಿದೆ. ಆದರೆ ರಿಪೇರಿ ಖರ್ಚು? ಗ್ಯಾರಂಟಿ ಮುಗಿದ ಮೇಲೆ ಕೆಟ್ಟರೆ ಮುಖ್ಯ ಶಿಕ್ಷಕರು ಕೈಯಿಂದ ಹಾಕಬೇಕಾ, ದಾನಿಗಳಿಗೆ ಮತ್ತೆ ಫೋನ್ ಮಾಡಬೇಕಾ? ಅದೇ ದುಡ್ಡಲ್ಲಿ ಖಾಲಿ ಇರುವ ಹುದ್ದೆಗೆ ಒಬ್ಬ ಅತಿಥಿ ಶಿಕ್ಷಕಿಯನ್ನು ಇಟ್ಟುಕೊಳ್ಳಬಹುದು, ಮಕ್ಕಳ ಕೈಗೆ ಸಿಗುವ ಹಾಗೆ ಕಥೆ ಪುಸ್ತಕ ತರಿಸಬಹುದು. ಅತಿಥಿ ಶಿಕ್ಷಕಿಯ ಮೇಲೆ ದಾನಿಗಳ ಹೆಸರು ಬರೆಸಲು ಬರುವುದಿಲ್ಲ, ಅದೊಂದು ತೊಂದರೆ.

ದಾನಿಗಳು ಬಂದಾಗ ಎಸ್‌ಡಿಎಂಸಿಯವರು ಮೂರು ವಿಷಯ ಕೇಳಿಕೊಳ್ಳಲಿ. ಇದನ್ನು ಯಾವ ಮೇಷ್ಟ್ರು, ಯಾವ ಪಾಠಕ್ಕೆ ಬೇಕು ಅಂತ ಕೇಳಿದ್ದಾರೆ? ಅವರು ವರ್ಗವಾದರೆ ಮುಂದಿನವರಿಗೆ ಕಲಿಸಿಕೊಡುವವರು ಯಾರು? ಮೂರನೇ ವರ್ಷದ ರಿಪೇರಿ ಯಾರ ಲೆಕ್ಕಕ್ಕೆ? ಪಾಂಡವಪುರದ ಮೇಷ್ಟ್ರಂತೆ ಮೊದಲನೆಯದಕ್ಕೆ ಉತ್ತರ ಕೊಡುವವರಿದ್ದರೆ ಒಂದು ಪ್ರೊಜೆಕ್ಟರ್ ಕೊಡಿಸಿ, ನನ್ನ ಕಡೆಯಿಂದಲೂ ಒಂದು ಸಾವಿರ ಬರೆದುಕೊಳ್ಳಿ. ಇಲ್ಲದಿದ್ದರೆ ಆ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟು, ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ಒಂದರಿಂದ ಐದನೇ ತರಗತಿಯವರೆಗೆ ಯಾರಿಗೆ ಓದಲು ಬರುತ್ತಿಲ್ಲ ಅಂತ ಪಟ್ಟಿ ಮಾಡಿ. ಏನು ಕೊಳ್ಳಬೇಕು ಅಂತ ಆ ಪಟ್ಟಿ ನೋಡಿಕೊಂಡು ಮಾತಾಡೋಣ.