ಇಮೇಲ್ ಸದ್ದನ್ನು ಎಲ್ಲಾ ಕಡೆ ಆಫ್ ಮಾಡಿ

ನನ್ನ ಫೋನಿನಲ್ಲಿ ಇಮೇಲ್ ಬಂದರೆ ಸದ್ದಾಗುವುದಿಲ್ಲ. ಆಫೀಸಿನ ಕಂಪ್ಯೂಟರಿನ ಮೂಲೆಯಲ್ಲಿ ಚೌಕ ಏಳುವುದಿಲ್ಲ, ಮನೆಯ ಟ್ಯಾಬ್ ಬೆಳಗುವುದಿಲ್ಲ, ಕೈಯಲ್ಲಿರುವ ವಾಚ್ ಗುಂಯ್ ಅನ್ನುವುದಿಲ್ಲ. ಇದು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಟ್ಯಾಕ್ಸ್ ಕೆಲಸ ಮಾಡೋರು ನೀವು. ಇಲಾಖೆಯಿಂದ ಏನಾದ್ರೂ ಬಂದ್ರೆ ಹೆಂಗೆ ಮೇಡಂ?"

ಅವರ ಆತಂಕ ಸಹಜವೇ. ಶಿವಮೊಗ್ಗದಲ್ಲಿ ಅಂಗಡಿಯವರದ್ದು, ಅಡಿಕೆ ಮಂಡಿಯವರದ್ದು, ಸಣ್ಣಪುಟ್ಟ ಕಾಂಟ್ರ್ಯಾಕ್ಟರುಗಳದ್ದು ಜಿಎಸ್‌ಟಿ ಮತ್ತು ಇನ್‌ಕಮ್ ಟ್ಯಾಕ್ಸ್ ಫೈಲ್ ಮಾಡುವುದೇ ನನ್ನ ಹೊಟ್ಟೆಪಾಡು. ಮೇಲ್ ಇಲ್ಲದೆ ನನಗೆ ಒಂದು ದಿನವೂ ನಡೆಯುವುದಿಲ್ಲ. ಆದರೂ ಹೇಳುತ್ತೇನೆ, ಮೇಲ್ ಬಂದ ಕೂಡಲೇ ಗೊತ್ತಾಗಲೇಬೇಕು ಅನ್ನುವಂಥ ಕೆಲಸ ನಮ್ಮಲ್ಲಿ ಬಹುಪಾಲು ಜನರಿಗೆ ಇಲ್ಲ.

ಇಲಾಖೆಯ ಲೆಕ್ಕವನ್ನೇ ನೋಡಿ. ರಿಟರ್ನ್ ಡಿಫೆಕ್ಟಿವ್ ಅಂತ ಇನ್‌ಕಮ್ ಟ್ಯಾಕ್ಸ್‌ನವರು ನೋಟಿಸ್ ಕಳಿಸಿದರೆ ಸರಿಪಡಿಸಲು 15 ದಿನ ಕೊಡುತ್ತಾರೆ. ನಿಮ್ಮ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ, ಹೊಂದಿಸುತ್ತೇವೆ ಅಂತ ತಿಳಿಸಿದರೆ ಉತ್ತರಕ್ಕೆ 30 ದಿನ. ಜಿಎಸ್‌ಟಿ ರಿಟರ್ನ್ ಪರಿಶೀಲಿಸಿ ವ್ಯತ್ಯಾಸ ಇದೆ ಅಂತ ಬರುವ ನೋಟಿಸಿಗೂ 30 ದಿನದವರೆಗೆ ಸಮಯ ಇರುತ್ತದೆ. ನಮ್ಮವರು ಅತಿ ಹೆಚ್ಚು ಹೆದರುವುದು ರಿಜಿಸ್ಟ್ರೇಶನ್ ಯಾಕೆ ರದ್ದು ಮಾಡಬಾರದು ಅನ್ನುವ ನೋಟಿಸಿಗೆ. ಅದಕ್ಕೂ 7 ಕೆಲಸದ ದಿನ ಇದೆ. ದೇಶದ ತೆರಿಗೆ ವಸೂಲಿ ಮಾಡುವವರೇ ದಿನಗಳ ಲೆಕ್ಕದಲ್ಲಿ ಮಾತಾಡುವಾಗ, ಒಂದು ಬಟ್ಟೆ ಅಂಗಡಿಯ ಆಫರ್ ಮೇಲ್ ನನ್ನನ್ನು ಸೆಕೆಂಡಿನ ಲೆಕ್ಕದಲ್ಲಿ ಎಬ್ಬಿಸುವುದಕ್ಕೆ ನಾನು ಯಾಕೆ ಒಪ್ಪಬೇಕು?

ಇನ್ನೊಂದು ಮಾತು, ಇದನ್ನು ವ್ಯಾಪಾರಿಗಳು ಗಮನವಿಟ್ಟು ಓದಬೇಕು. ಮೇಲ್ ಸದ್ದು ಕೇಳಿದರೆ ನೋಟಿಸ್ ತಪ್ಪುವುದಿಲ್ಲ ಅನ್ನುವುದು ಪೊಳ್ಳು ಧೈರ್ಯ. ಜಿಎಸ್‌ಟಿ ನೋಟಿಸುಗಳು ಪೋರ್ಟಲ್ಲಿನಲ್ಲಿ 'ಅಡಿಶನಲ್ ನೋಟಿಸಸ್ ಅಂಡ್ ಆರ್ಡರ್ಸ್' ಅನ್ನುವ ಕಡೆ ಕೂತಿದ್ದು, ವ್ಯಾಪಾರಿ ಅದನ್ನು ನೋಡದೇ ಇದ್ದು, ಅವರ ಮಾತು ಕೇಳದೆಯೇ ಆದೇಶ ಆಗಿಹೋಗಿ, ಕೊನೆಗೆ ಹೈಕೋರ್ಟ್ ಮೆಟ್ಟಿಲು ಹತ್ತಿದ ಪ್ರಕರಣಗಳು ದೇಶದಲ್ಲಿ ಬೇಕಾದಷ್ಟಿವೆ. ಅವರ ಫೋನು ಮೌನವಾಗಿತ್ತು ಅಂತ ಹಾಗಾದದ್ದಲ್ಲ, ಪೋರ್ಟಲ್ ತೆರೆದು ನೋಡುವ ಅಭ್ಯಾಸ ಇರಲಿಲ್ಲ. ವಾರಕ್ಕೊಂದು ನಿಗದಿತ ದಿನ ಲಾಗಿನ್ ಆಗಿ ನೋಡುವವರು ದಿನವಿಡೀ ಟಿಂಗ್ ಟಿಂಗ್ ಕೇಳುವವರಿಗಿಂತ ಎಷ್ಟೋ ಸುರಕ್ಷಿತ. ನಮ್ಮ ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಮೊದಲ ಕೆಲಸವೇ ಅದು. ಕ್ಲೈಂಟುಗಳ ಪಟ್ಟಿ ಹಿಡಿದು ಒಬ್ಬೊಬ್ಬರದ್ದೇ ತೆರೆದು ನೋಡುತ್ತೇವೆ.

ಸದ್ದಿನಿಂದ ಆಗುವ ನಷ್ಟ ಹೊರಗಿನವರಿಗೆ ಕಾಣುವುದಿಲ್ಲ. ಪ್ರತಿ ತಿಂಗಳು 14ನೇ ತಾರೀಕಿಗೆ ಜಿಎಸ್‌ಟಿಆರ್-2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಪೋರ್ಟಲ್ಲಿನಲ್ಲಿ ತಯಾರಾಗುತ್ತದೆ. 20ರೊಳಗೆ 3ಬಿ, ಅಂದರೆ ಆ ತಿಂಗಳ ತೆರಿಗೆ ಲೆಕ್ಕದ ರಿಟರ್ನ್, ಹಾಕಬೇಕು. ನಡುವಿನ ದಿನಗಳಲ್ಲಿ ನಮ್ಮ ಕೆಲಸ ಅಂದರೆ ಪೋರ್ಟಲ್ಲಿನ ಬಿಲ್ಲುಗಳನ್ನು ಅಂಗಡಿಯ ಖರೀದಿ ಪುಸ್ತಕದ ಬಿಲ್ಲುಗಳ ಜೊತೆ ಒಂದೊಂದೇ ತಾಳೆ ನೋಡುವುದು. ಎಕ್ಸೆಲ್‌ನಲ್ಲಿ ಒಂದು ಕಾಲಂ ಸೆಲೆಕ್ಟ್ ಮಾಡಿದರೆ ಮೊತ್ತ ಬರುವುದು ಪರದೆಯ ಕೆಳಗೆ ಬಲಗಡೆ. ಕಂಪ್ಯೂಟರಿನಲ್ಲಿ ಮೇಲ್ ಬಂತು ಅನ್ನುವ ಚೌಕ ಏಳುವುದೂ ಅದೇ ಮೂಲೆಯಲ್ಲಿ, ಸರಿಯಾಗಿ ಮೊತ್ತದ ಮೇಲೆ. ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಒಂದು ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳನ್ನು ಕೂಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ಚೌಕ ಎದ್ದಿತು, ಅವಳ ಕಣ್ಣು ಅತ್ತ ಹೋಯಿತು, ಯಾವುದೋ ಕೋರ್ಸಿನ ಜಾಹೀರಾತು, ಮುಚ್ಚಿದಳು. ಆಮೇಲೆ ಯಾವ ಸಾಲಿನಲ್ಲಿದ್ದೆ ಅಂತ ಬೆರಳಿಟ್ಟು ಮೇಲಿನಿಂದ ಮತ್ತೆ ಹುಡುಕತೊಡಗಿದಳು. ಒಂದೇ ಮೊತ್ತದ ಎರಡು ಬಿಲ್ಲು, ಬೇರೆ ಬೇರೆ ತಾರೀಕು. ಅವಳಿದ್ದದ್ದು ಮೊದಲನೆಯದರಲ್ಲಿ, ಸಿಕ್ಕಿದ್ದು ಎರಡನೆಯದು. ಆ ಹುಡುಗಿ ಜಾಣೆ, ಶ್ರದ್ಧೆಯಿಂದ ಕೆಲಸ ಮಾಡುವವಳು. ತಪ್ಪು ಅವಳದ್ದಲ್ಲ, ಆ ಚೌಕದ್ದು. ಮಧ್ಯಾಹ್ನದೊಳಗೆ ಆಫೀಸಿನ ಎಲ್ಲಾ ಕಂಪ್ಯೂಟರಿನಲ್ಲೂ ಅದನ್ನು ತೆಗೆಸಿದೆ.

ಇದು ನನ್ನೊಬ್ಬಳ ಅನಿಸಿಕೆಯೂ ಅಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕುಶ್ಲೆವ್ ಮತ್ತು ಡನ್ ಅನ್ನುವ ಸಂಶೋಧಕರು 124 ಜನರನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದ್ದರು. ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಬೇಕು, ಇನ್ನೊಂದು ವಾರ ಎಷ್ಟು ಸಲ ಬೇಕಾದರೂ ನೋಡಬಹುದು. ಮೂರೇ ಸಲ ನೋಡಿದ ವಾರದಲ್ಲಿ ಜನರಿಗೆ ಒತ್ತಡ ಕಡಿಮೆ ಅನಿಸಿತು. 2015ರಲ್ಲಿ ಇದು ಪ್ರಕಟವಾಯಿತು. ಮೇಲುಗಳು ಮಾತ್ರ ಎಂದಿನಂತೆ ಬರುತ್ತಲೇ ಇದ್ದವು. ಬದಲಾದದ್ದು ಯಾವಾಗ ನೋಡಬೇಕು ಅಂತ ತೀರ್ಮಾನ ಮಾಡುವವರು ಯಾರು ಅನ್ನುವುದು.

ಹಳೆಯ ಕಾಲದ ಮೇಲ್ ಹೀಗಿರಲಿಲ್ಲ. ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಮೇಲ್ ಕಳಿಸಿದ್ದು 1971ರಲ್ಲಿ. ಅಲ್ಲಿಂದ ಬಹಳ ವರ್ಷ ಜನರೇ ಮೇಲ್ ಇರುವಲ್ಲಿಗೆ ಹೋಗಿ ನೋಡುತ್ತಿದ್ದರು. ಅಂಚೆಯಣ್ಣ ಕೊಟ್ಟು ಹೋದ ಕಾಗದವನ್ನು ಊಟ ಮುಗಿಸಿ ಓದಿದರೆ ಯಾರೂ ತಪ್ಪು ತಿಳಿಯದ ಹಾಗೆ. 1999ರಲ್ಲಿ ಬ್ಲ್ಯಾಕ್‌ಬೆರಿ ಬಂದ ಮೇಲೆ ಮೇಲ್ ತಾನಾಗಿ ಸೊಂಟದ ಪಟ್ಟಿಗೆ ಬಂದು ನಡುಗಿಸತೊಡಗಿತು. ಆಗ ಅದು ದೊಡ್ಡ ಸಾಹೇಬರುಗಳ ಪಾಡಾಗಿತ್ತು. ಈಗ ಪಿಯುಸಿ ಓದುವ ಹುಡುಗನ ಪಾಡು.

ಈಗ ತೆಗೆಯುವ ವಿಚಾರಕ್ಕೆ ಬರುತ್ತೇನೆ. ಬಹಳ ಜನ ಫೋನಿನಲ್ಲಿ ಮಾತ್ರ ಆಫ್ ಮಾಡಿ, ಏನೂ ಪ್ರಯೋಜನ ಆಗಲಿಲ್ಲ ಅಂತ ಕೈಬಿಡುತ್ತಾರೆ. ಒಂದೇ ಖಾತೆ ನಾಲ್ಕು ಕಡೆ ಲಾಗಿನ್ ಆಗಿರುತ್ತದೆ, ನಾಲ್ಕು ಕಡೆಯಿಂದಲೂ ಕೂಗುತ್ತದೆ. ಎಲ್ಲವನ್ನೂ ಒಂದೇ ದಿನ ಕೂತು ಮುಗಿಸಬೇಕು.

ಆಂಡ್ರಾಯ್ಡ್ ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಮೂರು ಗೆರೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಖಾತೆ ಆರಿಸಿದರೆ ನೋಟಿಫಿಕೇಶನ್ಸ್‌ನಲ್ಲಿ ಮೂರು ಆಯ್ಕೆ ಇವೆ: ಆಲ್, ಹೈ ಪ್ರಯಾರಿಟಿ ಓನ್ಲಿ, ನನ್. ಎರಡು ಖಾತೆ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಮಾಡಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ನೇರವಾಗಿ ನನ್ ಒತ್ತಲು ಧೈರ್ಯ ಸಾಲದವರು ಒಂದು ವಾರ ಹೈ ಪ್ರಯಾರಿಟಿ ಇಟ್ಟು ನೋಡಿ. ಕೆಲವೇ ಕೆಲವರ ಮೇಲಿಗೆ ಮಾತ್ರ ಸದ್ದು ಬೇಕು ಅನ್ನುವವರಿಗೂ ದಾರಿ ಇದೆ. ಕಂಪ್ಯೂಟರಿನಲ್ಲಿ ಒಂದು ಫಿಲ್ಟರ್ ಮಾಡಿ ಅವರ ಮೇಲುಗಳು ಒಂದು ಲೇಬಲ್ಲಿಗೆ ಹೋಗುವ ಹಾಗೆ ಮಾಡಿ, ಆಮೇಲೆ ಫೋನಿನ ಮ್ಯಾನೇಜ್ ಲೇಬಲ್ಸ್‌ನಲ್ಲಿ ಆ ಲೇಬಲ್ಲಿಗೆ ನೋಟಿಫಿಕೇಶನ್ ಆನ್ ಮಾಡಿ ಪ್ರೈಮರಿಯದ್ದು ಆಫ್ ಮಾಡಬೇಕು. ಹೀಗೆ ಮಾಡುವವರು ಖಾತೆಗೆ ನನ್ ಇಡಬಾರದು, ಆಲ್ ಇಡಬೇಕು. ಐಫೋನಿನವರಿಗೆ ಇದು ಇನ್ನೂ ಸುಲಭ. ಮೇಲ್ ಆ್ಯಪ್‌ನಲ್ಲಿ ವಿಐಪಿ ಅಂತ ಒಂದು ಪಟ್ಟಿ ಇದೆ, ಅದರಲ್ಲಿ ಹೆಸರಿಟ್ಟವರಿಗೆ ಮಾತ್ರ ಸದ್ದು ಕೊಡಬಹುದು.

ಸದ್ದು ನಿಂತರೂ ಐಕಾನಿನ ಮೂಲೆಯಲ್ಲಿ ಕೆಂಪು ಅಂಕಿ ಉಳಿದಿರುತ್ತದೆ. ಬ್ಯಾಡ್ಜ್ ಅನ್ನುತ್ತಾರೆ ಅದಕ್ಕೆ. ಅದನ್ನೂ ತೆಗೆಯಿರಿ. ಅಂಕಿ ಕಂಡರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ಕಂಪ್ಯೂಟರಿನಲ್ಲಿ ಔಟ್‌ಲುಕ್ ಬಳಸುವವರು ಫೈಲ್, ಆಪ್ಶನ್ಸ್, ಮೇಲ್ ಅಂತ ಹೋಗಿ ಮೆಸೇಜ್ ಅರೈವಲ್ ಅನ್ನುವಲ್ಲಿ ಟಿಕ್ ತೆಗೆಯಬೇಕು. ಅಲ್ಲಿ ಸದ್ದಿಗೆ ಒಂದು, ಮೌಸ್ ಬಾಣದ ರೂಪ ಬದಲಾಗುವುದಕ್ಕೆ ಒಂದು, ಲಕೋಟೆ ಚಿತ್ರಕ್ಕೆ ಒಂದು, ನಾನು ಹೇಳಿದ ಚೌಕಕ್ಕೆ ಒಂದು ಇರುತ್ತದೆ. ಮೇಲ್ ಬಂತು ಅಂತ ಹೇಳಲು ನಾಲ್ಕು ಉಪಾಯ! ನಾಲ್ಕನ್ನೂ ತೆಗೆಯಿರಿ. ಹೊಸ ಔಟ್‌ಲುಕ್ ಆದರೆ ಸೆಟ್ಟಿಂಗ್ಸ್‌ನೊಳಗೆ ಜನರಲ್, ಅದರೊಳಗೆ ನೋಟಿಫಿಕೇಶನ್ಸ್. ಬ್ರೌಸರಿನಲ್ಲಿ ಜಿಮೇಲ್ ನೋಡುವವರಿಗೆ ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಡೆಸ್ಕ್‌ಟಾಪ್ ನೋಟಿಫಿಕೇಶನ್ಸ್ ಸಿಗುತ್ತದೆ. ವಾಚು, ಫಿಟ್‌ನೆಸ್ ಬ್ಯಾಂಡುಗಳಿಗೆ ಫೋನಿನಲ್ಲಿ ಅವುಗಳದ್ದೇ ಆ್ಯಪ್ ಇರುತ್ತದೆ, ಯಾವ ಯಾವ ಆ್ಯಪಿನ ಸೂಚನೆ ಬರಬೇಕು ಅನ್ನುವ ಪಟ್ಟಿ ಅದರಲ್ಲಿದೆ.

ಇಷ್ಟು ಮಾಡಿದ ಮೇಲೆ ಮೇಲ್ ಕಳಿಸುವವರನ್ನೇ ಕಡಿಮೆ ಮಾಡಬೇಕು. ದಿನಕ್ಕೆ ಸಾವಿರಗಟ್ಟಲೆ ಮೇಲ್ ಕಳಿಸುವ ಕಂಪನಿಗಳು ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗುವ ಸೌಲಭ್ಯ ಕೊಡಲೇಬೇಕು ಅಂತ ಗೂಗಲ್ ಮತ್ತು ಯಾಹೂ 2024ರಲ್ಲಿ ನಿಯಮ ತಂದಿವೆ. ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಪಕ್ಕದಲ್ಲೇ ಆ ಪದ ಕಾಣುತ್ತದೆ. ಆದರೆ ಯಾರು ಅಂತಲೇ ಗೊತ್ತಿಲ್ಲದವರ ಮೇಲಿನೊಳಗಿರುವ ಲಿಂಕನ್ನು ಮಾತ್ರ ಒತ್ತಬೇಡಿ, ಅದನ್ನು ಸ್ಪ್ಯಾಮ್ ಅಂತ ಗುರುತು ಹಾಕಿ. ಈ ಫೇಸ್‌ಬುಕ್ ಕೂಡ ಮೇಲ್ ಕಳಿಸುತ್ತದೆ. ಅದರ ನೋಟಿಫಿಕೇಶನ್ ಸೆಟ್ಟಿಂಗಿನಲ್ಲಿ ಇಮೇಲ್ ಅಂತ ಬೇರೆಯೇ ಒಂದು ಭಾಗ ಇದೆ.

ಯಾವುದನ್ನು ಆಫ್ ಮಾಡಬಾರದು ಅಂತಲೂ ಹೇಳಬೇಕು. ಬ್ಯಾಂಕಿನ ಎಸ್ಸೆಮ್ಮೆಸ್ಸನ್ನು ಯಾವ ಕಾರಣಕ್ಕೂ ಮೌನ ಮಾಡಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರ ಕೈಚಳಕದಿಂದ ಖಾತೆಯಿಂದ ದುಡ್ಡು ಹೋದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ಅಂಥ ಸೂಚನೆ ಎದ್ದು ಕಾಣಬೇಕು. ಉಳಿದ ನೂರೆಂಟು ಸದ್ದು ನಿಂತರೆ ತಾನೇ ಇದು ಕಿವಿಗೆ ಬೀಳುವುದು?

ಮೋಸಗಾರರ ಬಂಡವಾಳವೂ ನಮ್ಮ ಅವಸರವೇ. 'ನಿಮ್ಮ ಟ್ಯಾಕ್ಸ್ ರಿಫಂಡ್ ಮಂಜೂರಾಗಿದೆ, ಇಲ್ಲಿ ಒತ್ತಿ' ಅನ್ನುವ ಮೇಲ್ ಫೈಲಿಂಗ್ ಕಾಲದಲ್ಲಿ ನನ್ನ ಕ್ಲೈಂಟುಗಳಲ್ಲಿ ಎಷ್ಟೋ ಜನರಿಗೆ ಬರುತ್ತದೆ. ಬಸ್ಸಿನಲ್ಲಿ ನಿಂತವರ ಕೈಯಲ್ಲಿ ಫೋನ್ ಟಿಂಗ್ ಅಂದಾಗ, ರಿಫಂಡ್ ಅನ್ನುವ ಒಂದೇ ಪದ ಕಂಡಾಗ, ವಿಳಾಸದ ಕೊನೆಯಲ್ಲಿ ಏನಿದೆ ಅಂತ ನೋಡುವ ವ್ಯವಧಾನ ಯಾರಿಗಿರುತ್ತದೆ? ಅದೇ ಮೇಲನ್ನು ಸಂಜೆ ಕೂತು ದೊಡ್ಡ ಪರದೆಯಲ್ಲಿ ನೋಡಿದರೆ ಕಳ್ಳತನ ಎದ್ದು ಕಾಣುತ್ತದೆ. ಇಲಾಖೆ ಮೇಲಿನಲ್ಲಿ ಪಾಸ್‌ವರ್ಡ್, ಪಿನ್ ಕೇಳುವುದಿಲ್ಲ. ಬಂದ ನೋಟಿಸ್ ನಿಜವೋ ಅಲ್ಲವೋ ಅಂತ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್ಲಿನಲ್ಲಿ ಲಾಗಿನ್ ಆಗದೆಯೂ ಪರೀಕ್ಷಿಸಬಹುದು.

ಇಷ್ಟೆಲ್ಲ ಹೇಳಿದರೂ ಒಂದು ಕಷ್ಟ ಉಳಿಯುತ್ತದೆ. ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ನನ್ನ ತಂಗಿಗೆ ಇದನ್ನು ಹೇಳಿದಾಗ, "ಅಕ್ಕಾ, ನಾನು ಆಫ್ ಮಾಡ್ಬಹುದು, ನಮ್ಮ ಮ್ಯಾನೇಜರ್ ಬಿಡ್ಬೇಕಲ್ಲ" ಅಂದಳು. ಅವಳ ಮಾತು ನಿಜ. ರಾತ್ರಿ ಹತ್ತೂವರೆಗೆ ಅಮೆರಿಕದಿಂದ ಬಂದ ಮೇಲಿಗೆ ಹತ್ತು ಮುಕ್ಕಾಲಿಗೆ ಉತ್ತರ ನಿರೀಕ್ಷಿಸುವ ಕಡೆ ಒಬ್ಬಳ ಸೆಟ್ಟಿಂಗಿನಿಂದ ಏನಾದೀತು? ಫ್ರಾನ್ಸಿನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರ ಇರುವ ಹಕ್ಕಿಗೆ ಕಾನೂನಿನ ಬಲ ಇದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ ಇಂಥದ್ದೇ ಖಾಸಗಿ ಮಸೂದೆಯನ್ನು ಲೋಕಸಭೆಯ ಮುಂದಿಟ್ಟಿದ್ದರು, ಅದು ಕಾನೂನಾಗಲಿಲ್ಲ. ಕರ್ನಾಟಕದಲ್ಲಂತೂ 2024ರ ಜುಲೈನಲ್ಲಿ ಐಟಿಯವರ ಕೆಲಸವನ್ನು ದಿನಕ್ಕೆ 14 ಗಂಟೆಯವರೆಗೆ ಏರಿಸುವ ಪ್ರಸ್ತಾಪ ಬಂದು, ನೌಕರರ ಸಂಘ ಬೀದಿಗಿಳಿಯಬೇಕಾಯಿತು. ಹಕ್ಕು ಕೇಳುವವರ ಪರ ನಾನಿದ್ದೇನೆ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಕಾನೂನು ಬರುವವರೆಗೆ, ನಾಲ್ಕು ಜನರಿಗೆ ಕೆಲಸ ಕೊಟ್ಟ ನನ್ನಂಥವರು ಮಾಡಬಹುದಾದದ್ದು ಇದೆ. ನನಗೆ ಭಾನುವಾರ ರಾತ್ರಿ ಏನಾದರೂ ಹೊಳೆದರೆ ಮೇಲ್ ಬರೆಯುತ್ತೇನೆ, ಆದರೆ ಶೆಡ್ಯೂಲ್ ಸೆಂಡ್ ಒತ್ತಿ ಸೋಮವಾರ ಒಂಬತ್ತೂವರೆಗೆ ಹೋಗುವ ಹಾಗೆ ಇಡುತ್ತೇನೆ. ಯಾವ ದಿನದೊಳಗೆ ಉತ್ತರ ಬೇಕು ಅಂತ ಸಬ್ಜೆಕ್ಟಿನಲ್ಲೇ ಬರೆಯುತ್ತೇನೆ. ಕ್ಲೈಂಟುಗಳಿಗೆಲ್ಲ ಹೇಳಿಟ್ಟಿದ್ದೇನೆ: ಮೇಲ್ ನೋಡುವುದು ಬೆಳಿಗ್ಗೆ ಹತ್ತಕ್ಕೆ, ಊಟ ಆದ ಮೇಲೆ, ಸಂಜೆ ಐದೂವರೆಗೆ. ಮಂಡಿಯ ಯಜಮಾನರೊಬ್ಬರು ಮೊದಮೊದಲು ಸಿಟ್ಟಾಗಿದ್ದರು. "ಮೇಲ್ ಹಾಕಿ ಹತ್ತು ನಿಮಿಷ ಆಯ್ತಲ್ಲ ಮೇಡಂ, ಇನ್ನೂ ನೋಡಿಲ್ವಾ?" ಅಂತ ಕರೆ ಮಾಡಿದ್ದರು. "ಅರ್ಜೆಂಟ್ ಇದ್ರೆ ಹೀಗೇ ಫೋನ್ ಮಾಡಿಬಿಡಿ ಅಣ್ಣಾ, ತಕ್ಷಣ ಎತ್ತುತ್ತೀನಿ" ಅಂದೆ. ಈಗ ಅಧಿಕಾರಿಗಳು ಲಾರಿ ತಡೆದು ಸರಕು ಸಾಗಣೆಯ ಇ-ವೇ ಬಿಲ್ ಕೇಳಿದಾಗ ಅವರು ಫೋನ್ ಮಾಡುತ್ತಾರೆ, ಖರೀದಿ ಪಟ್ಟಿ ಕಳಿಸುವಾಗ ಮೇಲ್ ಹಾಕುತ್ತಾರೆ. ಅವರ ಒಂದು ರಿಟರ್ನೂ ಇದರಿಂದ ತಡವಾಗಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದವರು, ಸರ್ವರ್ ಕಾಯುವವರು, ವಯಸ್ಸಾದ ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ದೂರ ಇರುವವರು ಏನು ಮಾಡಬೇಕು ಅಂತ ಕೇಳಬಹುದು. ನಿಮಗೆ ಬೇಕಾದದ್ದು ಫೋನ್ ಕರೆ. ಡು ನಾಟ್ ಡಿಸ್ಟರ್ಬ್ ಹಾಕಿದರೂ ಆಯ್ದ ಕೆಲವು ನಂಬರುಗಳ ಕರೆ ಬರುವ ಹಾಗೆ ಎಲ್ಲಾ ಸ್ಮಾರ್ಟ್‌ಫೋನಿನಲ್ಲೂ ಇಡಬಹುದು. ಆ ನಂಬರುಗಳನ್ನು ಮೊದಲು ಸೇರಿಸಿಟ್ಟುಕೊಳ್ಳಿ, ಆಮೇಲೆ ಮೇಲ್ ಸದ್ದು ಆಫ್ ಮಾಡಿ. ಹಾಗೆಯೇ ಮಕ್ಕಳು ಆಡುವ ಹಳೇ ಟ್ಯಾಬನ್ನೂ ಒಮ್ಮೆ ತೆಗೆದು ನೋಡಿ. ಬಹಳ ಮನೆಗಳಲ್ಲಿ ಅದು ಇನ್ನೂ ಅಪ್ಪನದ್ದೋ ಅಮ್ಮನದ್ದೋ ಖಾತೆಯಲ್ಲೇ ಲಾಗಿನ್ ಆಗಿರುತ್ತದೆ.